ಟೊಂಕನೋವಿದ್ದವರು ಗುಡಾರದಾಗ ಎಂಥಾ ಹಾಸಿಗೆ ಹಾಸಬೇಕು?

(ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕಲಿಕಾ ಕೇಂದ್ರಗಳಲ್ಲಿ ಆಡಿದ ಮಾತು)



ಇವತ್ತು ಹಾಸಿಗೆ ಬಗ್ಗೆ ಮಾತಾಡೋಣ. "ಹಾಸಿಗೆ ಬಗ್ಗೆ ಏನು ಮಾತವ್ವಾ, ದುಡಿದವರಿಗೆ ಬಿದ್ದಲ್ಲೇ ನಿದ್ದಿ ಬರ್ತದ" ಎಂದು ನೀವು ನಗಬಹುದು. ನಗ್ರಿ. ಆದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳ್ರಿ. ಬೆಳಿಗ್ಗೆ ಏಳುವಾಗ ಟೊಂಕಕ್ಕೆ ಕೈ ಕೊಟ್ಟು "ಅಯ್ಯಪ್ಪಾ" ಎನ್ನುವವರು ನಿಮ್ಮೊಳಗೆ ಎಷ್ಟು ಮಂದಿ? ಈ ಪ್ರಶ್ನೆ ಕೇಳಿದಾಗ ಕೈ ಎತ್ತದೆ ಉಳಿದವರು ಕಡಿಮೆ. ನೋವು ನಮಗೊಬ್ಬರಿಗೇ ಅಲ್ಲ. 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಟೊಂಕನೋವಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳಿದೆ.

ನಮ್ಮ ಕಡೆ ಈ ನೋವಿಗೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗದ್ವಾಲ ಸೀಮೆಯಲ್ಲಿ ಹತ್ತಿ ಬೀಜದ ಹೊಲ. ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ. ದಿನವೆಲ್ಲ ಬಗ್ಗಿರಬೇಕು. ನಾರಾಯಣಪೇಟೆಯಲ್ಲಿ ಸೀರೆಯ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ ಕೂತು ನೇಯಬೇಕು. ಮಕ್ತಲ್ ಕಡೆ ಭತ್ತದ ನಾಟಿ. ಅದಾದ ಮೇಲೆ ಕೆಲಸ ಹುಡುಕಿಕೊಂಡು ಊರು ಬಿಡುವುದು. ಹೈದರಾಬಾದ್, ಬೆಂಗಳೂರು, ಪುಣೆ, ಮುಂಬೈ. "ಪಾಲಮೂರು ಲೇಬರ್" ಎಂಬ ಹೆಸರೇ ಬಿದ್ದಿದೆ ನಮ್ಮ ಜನಕ್ಕೆ. ಹಳೇ ಮಹಬೂಬನಗರ ಜಿಲ್ಲೆ ಒಡೆದು 2016ರಲ್ಲಿ ಗದ್ವಾಲ ಜಿಲ್ಲೆ ಆಯಿತು. 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆಯಿತು. ಹೆಸರು ಮಾತ್ರ ಹಾಗೇ ಉಳಿದಿದೆ.

ಊರು ಬಿಟ್ಟವರು ಎಲ್ಲಿ ಮಲಗ್ತಾರೆ? ತಗಡಿನ ಶೆಡ್ಡಿನಲ್ಲಿ. ತಾಡಪತ್ರಿ ಗುಡಾರದಲ್ಲಿ. ಕಟ್ಟುತ್ತಿರುವ ಬಿಲ್ಡಿಂಗಿನ ಸಿಮೆಂಟ್ ನೆಲದ ಮೇಲೆ. ಕುರಿ ಕಾಯುವವರು ಹೊಲದಲ್ಲೇ ಕಂಬಳಿ ಹಾಸ್ತಾರೆ. ಕುರುಮೂರ್ತಿ ಜಾತ್ರೆಗೆ ಹೋದವರು ಗಾಡಿ ಕೆಳಗೆ ಮಲಗ್ತಾರೆ. ಜಾತ್ರೆ ಹೇಗೋ ಕಳೆದುಹೋಗ್ತದೆ. ಕೂಲಿ ಮಾತ್ರ ಆರು ತಿಂಗಳದ್ದು. ಆರು ತಿಂಗಳು ರಾತ್ರಿ ಬೆನ್ನಿಗೆ ವಿಶ್ರಾಂತಿ ಇಲ್ಲ ಅಂದ್ರೆ ಹಗಲು ಕೈ ಹೇಗೆ ಓಡಬೇಕು? ಒಂದು ದಿನ ಏಳಲಿಕ್ಕೆ ಆಗದಿದ್ದರೆ ಒಂದು ದಿನದ ಕೂಲಿ ಹೋಯಿತು.

ಊರು ಬಿಡುವಾಗ ಗಂಟು ಕಟ್ಟುವುದನ್ನು ನಾನು ನೋಡಿದ್ದೇನೆ. ಪಾತ್ರೆ ಇರ್ತದೆ. ಜೋಳದ ಹಿಟ್ಟು ಇರ್ತದೆ. ಗುದ್ದಲಿ, ಬುಟ್ಟಿ ಇರ್ತಾವೆ. ಹಾಸಿಗೆ ಎಂದರೆ ಕಡೆಗೆ ನೆನಪಾಗಿ ತುರುಕಿದ ಒಂದು ಹರಕು ಚಾದರ. ಗುದ್ದಲಿಯನ್ನು ಮಾತ್ರ ಕಾವು ಗಟ್ಟಿ ಇದೆಯೋ ಇಲ್ಲವೋ ನೋಡಿ ಇಟ್ಟುಕೊಳ್ತೀರಿ. ಹಾಸಿಗೆಯನ್ನೂ ಹಾಗೇ ನೋಡಿ ಇಟ್ಟುಕೊಳ್ಳಬೇಕು.

ಈಗ ಒಂದು ಹಳೇ ನಂಬಿಕೆ. "ಬೆನ್ನು ನೋಯ್ತದಾ? ಬರೀ ನೆಲದ ಮೇಲೆ ಮಲಗು, ಎಲುಬು ಸೀದಾ ಆಗ್ತದ." ಇದನ್ನು ನಮ್ಮ ಹಿರಿಯರಷ್ಟೇ ಹೇಳಿದ್ದಲ್ಲ. ಹಿಂದೆ ದೊಡ್ಡ ದೊಡ್ಡ ಡಾಕ್ಟರೂ ಹಲಗೆ ಮೇಲೆ ಮಲಗಲು ಹೇಳುತ್ತಿದ್ದರು. 2003ರಲ್ಲಿ ಸ್ಪೇನ್ ದೇಶದ ವೈದ್ಯರು ಈ ಮಾತನ್ನು ಪರೀಕ್ಷೆ ಮಾಡಿದ ವರದಿ ಬಂತು. ಬಹಳ ದಿನದಿಂದ ಟೊಂಕನೋವಿದ್ದ 313 ಮಂದಿಯನ್ನು ತೆಗೆದುಕೊಂಡರು. ಕೆಲವರಿಗೆ ಬಹಳ ಗಟ್ಟಿ ಗಾದಿ ಕೊಟ್ಟರು. ಉಳಿದವರಿಗೆ ನಡುತರದ ಗಾದಿ ಕೊಟ್ಟರು. ತಮಗೆ ಯಾವುದು ಸಿಕ್ಕಿದೆ ಎಂದು ಮಲಗುವವರಿಗೆ ತಿಳಿಸಲಿಲ್ಲ. 90 ದಿನ ಆದ ಮೇಲೆ ಕೇಳಿದರು. ನಡುತರದ ಗಾದಿಯವರಿಗೆ ಮಲಗಿದಾಗಲೂ ನೋವು ಕಡಿಮೆ, ಏಳುವಾಗಲೂ ಕಡಿಮೆ. ಹಗಲಿನ ಕೆಲಸವೂ ಹಗುರಾಗಿತ್ತು.

ಯಾಕೆ ಹೀಗೆ? ನಮ್ಮ ಬೆನ್ನು ಹಲಗೆಯಂತೆ ಚಪ್ಪಟೆ ಇಲ್ಲ. ಬಿಲ್ಲಿನಂತೆ ಬಾಗಿದೆ. ಟೊಂಕದ ಹತ್ತಿರ ಒಳಗೆ ಹೋಗಿದೆ. ಬರೀ ಬಂಡೆಯ ಮೇಲೆ ಮಲಗಿದರೆ ಭುಜ ಮತ್ತು ಕುಂಡಿ ಮಾತ್ರ ನೆಲಕ್ಕೆ ತಾಗ್ತಾವೆ. ಟೊಂಕ ಗಾಳಿಯಲ್ಲಿ ನಿಲ್ತದೆ. ಅದನ್ನು ಹಿಡಿದುಕೊಳ್ಳಲು ಅಲ್ಲಿಯ ಸ್ನಾಯುಗಳು ರಾತ್ರಿಯೂ ದುಡಿಯಬೇಕು. ಜೋಲು ಬಿದ್ದ ಹೊರಸಿನಲ್ಲಿ ಇದರ ತಿರುಗುಮುರುಗು. ಕುಂಡಿ ಕೆಳಗಿಳಿದು ಮೈ ತೊಟ್ಟಿಲಂತೆ ಬಾಗ್ತದೆ. ಎರಡರಲ್ಲೂ ಬೆನ್ನಿಗೆ ಸುಖ ಇಲ್ಲ.

ನಿಮ್ಮ ಹಾಸಿಗೆ ಗಟ್ಟಿಯೋ ಮೆತ್ತಗೋ ತಿಳಿಯುವುದು ಸುಲಭ. ಅಂಗಾತ ಮಲಗಿ. ಟೊಂಕದ ಕೆಳಗೆ ನಿಮ್ಮ ಅಂಗೈ ತೂರಿಸಿ. ಕೈ ಸಲೀಸಾಗಿ ಹೋಗಿ ಮೇಲೂ ಜಾಗ ಉಳಿದರೆ ಹಾಸಿಗೆ ನಿಮಗೆ ಗಟ್ಟಿ. ಕೈ ಹೋಗುವುದೇ ಇಲ್ಲ, ಕುಂಡಿ ಕೆಳಗೆ ಕುಸಿದಿದೆ ಎಂದರೆ ಬಹಳ ಮೆತ್ತಗೆ. ಕೈ ಒತ್ತಿಕೊಂಡು ಹೋಗಬೇಕು. ಅದು ಸರಿಯಾದ ಹಾಸಿಗೆ. ಸಣಕಲು ಮೈಯವರಿಗೆ ಗಟ್ಟಿ ಎನಿಸಿದ್ದು ದಪ್ಪ ಮೈಯವರಿಗೆ ಸರಿ ಎನಿಸಬಹುದು. ಅದಕ್ಕೇ ಗಂಡ ಮಲಗಿ ನೋಡಿ ತಂದ ಹಾಸಿಗೆ ಹೆಂಡತಿಗೆ ಒಪ್ಪುತ್ತದೆ ಎಂದು ತಿಳಿಯಬೇಡಿ.

ಹಣ ಖರ್ಚು ಮಾಡುವ ಮೊದಲು ಮನೆಯಲ್ಲಿ ಇರುವುದನ್ನು ನೋಡೋಣ. ನೆಲದ ಮೇಲೇ ಮಲಗಬೇಕು ಎಂದರೆ ಕೆಳಗೆ ಮೊದಲು ಪ್ಲಾಸ್ಟಿಕ್ ಹಾಳೆ ಅಥವಾ ತಾಡಪತ್ರಿ ಬರಬೇಕು. ಅದು ತೇವ ತಡೀತದೆ. ಅದರ ಮೇಲೆ ಎರಡು ಗೋಣಿಚೀಲ. ಅದರ ಮೇಲೆ ಕೌದಿ. ಕೌದಿ ಹೊಲಿಯಲು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಹಳೇ ಸೀರೆ ಆರೇಳು ಪದರ ಸೇರಿಸಿ ಒತ್ತಾಗಿ ಹೊಲಿದ ಕೌದಿ ಹಗುರ, ತೊಳೆಯಲು ಬರ್ತದೆ, ಬಿಸಿಲಿಗೆ ಬೇಗ ಒಣಗ್ತದೆ. ಆದರೆ ಟೊಂಕನೋವಿದ್ದವರಿಗೆ ಒಂದು ಕೌದಿ ಸಾಲದು. ಎರಡು, ಮೂರು ಬೇಕು. ಚಳಿಗಾಲದಲ್ಲಿ ಹೊದೆಯಲು ಎರಡು, ಹಾಸಲು ಒಂದು ಎಂದು ಲೆಕ್ಕ ಹಾಕ್ತೀರಿ. ಹಾಸಲು ಹೆಚ್ಚು ಇಡಿ. ತಣ್ಣಗಿನ ನೆಲ ಕೆಳಗಿನಿಂದಲೇ ಮೈಯ ಬಿಸಿ ಎಳೆದುಕೊಳ್ತದೆ. ಮೇಲೆ ಎಷ್ಟು ಹೊದ್ದರೂ ಬೆನ್ನು ಸೆಟೆದುಕೊಳ್ಳುವುದು ನಿಲ್ಲುವುದಿಲ್ಲ.

ಭತ್ತದ ಹುಲ್ಲು ಸಿಗುವ ಕಡೆ ಇನ್ನೊಂದು ಉಪಾಯ ಉಂಟು. ಗೋಣಿಚೀಲಗಳನ್ನು ಬಿಚ್ಚಿ, ಒಬ್ಬರು ಮಲಗುವಷ್ಟು ದೊಡ್ಡ ಚೀಲ ಹೊಲಿಯಿರಿ. ಚೆನ್ನಾಗಿ ಒಣಗಿದ ಹುಲ್ಲು ತುಂಬಿರಿ. ಒತ್ತಿದಾಗ ಮೂರು, ನಾಲ್ಕು ಇಂಚು ದಪ್ಪ ಉಳಿಯಬೇಕು. ಹುಲ್ಲು ಒಂದೇ ಕಡೆ ಸರಿಯದಂತೆ ದಬ್ಬಣದಿಂದ ಅಲ್ಲಲ್ಲಿ ಟಾಕಿ ಹಾಕಿ. ಊರು ಬಿಡುವಾಗ ಹುಲ್ಲು ಸುರಿದು ಖಾಲಿ ಚೀಲ ಮಡಿಚಿ ಒಯ್ಯಬಹುದು. ಹೋದಲ್ಲಿ ಮತ್ತೆ ತುಂಬಬಹುದು. ಜೋಳದ ಕಣಿಕಿ ಬೇಡ, ಅದು ಚುಚ್ತದೆ. ಹುಲ್ಲಿನ ಧೂಳಿಗೆ ಕೆಮ್ಮು, ದಮ್ಮು ಬರುವವರಿಗೂ ಇದು ಆಗದು. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಕೊಡವಿ ಹಾಸಬೇಕು.

ಹತ್ತಿಯ ಗಾದಿ ಇದ್ದವರು ಗಂಟು ಬಿದ್ದಿದೆಯೋ ನೋಡಿ. ಗಂಟುಗಂಟಾದ ಗಾದಿ ಕಲ್ಲಿನ ಮೇಲೆ ಮಲಗಿದಂತೆ. ಪಿಂಜಾರರ ಹತ್ತಿರ ಹಿಂಜಿಸಿ ಮತ್ತೆ ತುಂಬಿಸಿದರೆ ಗಾದಿ ಹೊಸದರಂತೆ ಆಗ್ತದೆ. ಆದರೆ ಗಾದಿ ಭಾರ. ನೆನೆದರೆ ಇನ್ನೂ ಭಾರ. ಟೊಂಕನೋವಿದ್ದವರು ಅದನ್ನು ತಲೆ ಮೇಲೆ ಹೊತ್ತು ರೈಲು ಹತ್ತುವುದು ಚಂದ ಅಲ್ಲ.

ಈಗ ಹೊರಸಿನ ಮಾತು. ಕನ್ನಡದಲ್ಲಿ ಹೊರಸು, ತೆಲುಗಿನಲ್ಲಿ ಮಂಚಂ. ಎರಡೂ ಮಾತು ನಮ್ಮ ನಾಲಿಗೆ ಮೇಲಿವೆ. 1956ರ ತನಕ ಗದ್ವಾಲ ರಾಯಚೂರು ಜಿಲ್ಲೆಯಲ್ಲೇ ಇತ್ತಲ್ಲ, ಮಾತು ಬೆರೆತದ್ದರಲ್ಲಿ ಆಶ್ಚರ್ಯ ಏನಿಲ್ಲ. ಹಗ್ಗದ ಹೊರಸು ಒಳ್ಳೇದೇ, ಬಿಗಿಯಾಗಿದ್ದರೆ. ಕಾಲ ಕಡೆಯ ಹಗ್ಗವನ್ನು ಆಗಾಗ ಎಳೆದು ಬಿಗಿ ಮಾಡಬೇಕು. ನಾವು ಮಾಡುವುದಿಲ್ಲ. ಮಳೆಗಾಲ ಹೋಗಿ ಬೇಸಿಗೆ ಬಂದರೂ ಅದೇ ಜೋಲು. ನಡುವೆ ಒಬ್ಬರು ಕೂತರೆ ಎಷ್ಟು ಇಳಿಯಿತು ಎಂದು ಕಣ್ಣಲ್ಲೇ ಕಾಣ್ತದೆ. ಗೇಣುದ್ದ ಇಳಿದರೆ ಆ ಹೊರಸು ಟೊಂಕನೋವಿದ್ದವರಿಗಲ್ಲ. ಬಿಗಿ ಮಾಡುವ ತನಕ ಅದರ ಮೇಲೆ ತೆಳು ಹಲಗೆ ಇಟ್ಟು, ಹಲಗೆಯ ಮೇಲೆ ಎರಡು ಕೌದಿ ಹಾಸಿ.

ಹೊರಗೆ ಒಯ್ಯಲು ಈಗ ಮಡಚುವ ಮಂಚ ಬಂದಿವೆ. ಕಬ್ಬಿಣದ ಪೈಪು, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಥವಾ ದಪ್ಪ ಬಟ್ಟೆ. ಸಂತೆಯಲ್ಲೂ ಸಿಗ್ತಾವೆ. ಅಂಗಡಿಯವರು ಬಣ್ಣ ತೋರಿಸ್ತಾರೆ, ಮಡಚಿ ಬಿಚ್ಚಿ ಆಟ ತೋರಿಸ್ತಾರೆ. ನೀವು ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿಬಿಡಿ. ನಾಚಿಕೆ ಬೇಡ. ಹಣ ನಿಮ್ಮದು. ಹತ್ತು ನಿಮಿಷ ಮಲಗಿ. ಅಂಗಾತ ಮಲಗಿ, ಮಗ್ಗುಲಾಗಿ, ಹೊರಳಾಡಿ. ಮೂರು ಮಡಿಕೆಯ ಮಂಚಗಳಲ್ಲಿ ಒಂದು ಅಡ್ಡ ಪೈಪು ಸರಿಯಾಗಿ ಟೊಂಕದ ಕೆಳಗೆ ಅಥವಾ ಕುಂಡಿಯ ಕೆಳಗೆ ಬರ್ತದೆ. ಅಂಗಡಿಯಲ್ಲಿ ಒಂದು ನಿಮಿಷಕ್ಕೆ ಅದು ಗೊತ್ತಾಗುವುದಿಲ್ಲ. ನಡುರಾತ್ರಿ ಗೊತ್ತಾಗ್ತದೆ. ಪೈಪು ಒತ್ತಿದರೆ ಆ ಮಂಚ ಬಿಟ್ಟುಬಿಡಿ.

ಆಮೇಲೆ ಅಳತೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ದುಡ್ಡಿನ ವಿಷಯಕ್ಕೆ ಸರಿ. ಮಲಗುವುದಕ್ಕೆ ಸರಿ ಅಲ್ಲ. ಕಾಲು ಇದ್ದಷ್ಟು ಹಾಸಿಗೆ ಬೇಕು. ನಿಮ್ಮ ಎತ್ತರಕ್ಕಿಂತ ಅರ್ಧ ಅಡಿಯಾದರೂ ಮಂಚ ಉದ್ದ ಇರಲಿ. ಅಗಲ ಎರಡೂವರೆ ಅಡಿಗೆ ಕಡಿಮೆ ಇದ್ದರೆ ಹೊರಳಲು ಆಗದು. ಬೀಳುವ ಹೆದರಿಕೆಯಲ್ಲಿ ಮೈ ಬಿಗಿ ಹಿಡಿದು ಮಲಗ್ತೀರಿ. ಎತ್ತರ ಬಹಳ ಮುಖ್ಯ. ಮಂಚದ ಅಂಚಿಗೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಮೊಣಕಾಲು ಕುಂಡಿಯ ಸಮಕ್ಕೆ ಬರಬೇಕು. ಸುಮಾರು 16ರಿಂದ 18 ಇಂಚು. ನೆಲಕ್ಕೆ ಹತ್ತಿದಂಥ ಗಿಡ್ಡ ಮಂಚ ಅಗ್ಗಕ್ಕೆ ಸಿಗ್ತದೆ. ಟೊಂಕ ಹಿಡಿದವರು ಅದರಿಂದ ಏಳುವುದೇ ಒಂದು ಶಿಕ್ಷೆ. ಹೊಲಕ್ಕೆ ಒಯ್ಯುವವರು ಮತ್ತೊಂದು ನೆನಪಿಡಿ. ನಮ್ಮ ಎರೆ ಮಣ್ಣಿನಲ್ಲಿ ತೆಳು ಪೈಪಿನ ಕಾಲು ಹುಗಿದುಹೋಗ್ತದೆ. ಒಂದು ಕಾಲು ಇಳಿದರೆ ರಾತ್ರಿಯೆಲ್ಲಾ ಓರೆ. ನಾಲ್ಕು ಕಾಲಿನ ಕೆಳಗೂ ತಾಂಡೂರು ಪರಸಿಯ ತುಂಡು ಇಡಿ.

ಬಟ್ಟೆ ಮಂಚದ ಮೇಲೆ ಬರಿದೇ ಮಲಗಬೇಡಿ. ಕೆಳಗಿನಿಂದ ಗಾಳಿ ಆಡ್ತದೆ. ಬೇಸಿಗೆಯಲ್ಲಿ ಅದು ಸುಖ. ಚಳಿಗಾಲದಲ್ಲಿ ಬೆನ್ನು ಹಿಡೀತದೆ. ಒಂದು ಕೌದಿ ಹಾಸಿ.

ಗಾಳಿ ತುಂಬುವ ಹಾಸಿಗೆ ಬಗ್ಗೆ ಕೆಲವು ಹುಡುಗರು ಕೇಳಿದರು. ಫೋನಿನಲ್ಲಿ ನೋಡಿದ್ದಾರೆ. ನಮ್ಮ ಕಡೆ ಎಲ್ಲಿ ನೋಡಿದರೂ ಸರಕಾರಿ ಜಾಲಿ. ಒಂದು ಮುಳ್ಳು ಸಾಕು. ಮುಳ್ಳು ಚುಚ್ಚದಿದ್ದರೂ ಬೆಳಗಿನ ಹೊತ್ತಿಗೆ ಗಾಳಿ ಸ್ವಲ್ಪ ಇಳಿದಿರ್ತದೆ, ಟೊಂಕ ಕುಸಿದಿರ್ತದೆ. ನಾನಂತೂ ಕೊಳ್ಳಿ ಎಂದು ಹೇಳುವುದಿಲ್ಲ. ಅದಕ್ಕಿಂತ ಸುತ್ತಿ ಒಯ್ಯುವ ಫೋಮ್ ಹಾಳೆ ಲೇಸು. ಮುಷ್ಟಿಯಿಂದ ಒತ್ತಿ ನೋಡಿ. ಮುಷ್ಟಿ ನೆಲಕ್ಕೆ ತಾಗಿದರೆ ಅದು ತೆಳುವಾಯಿತು. ಎರಡು ಹಾಳೆ ಜೋಡಿಸಿ ಹಾಸಿ.

ನೆಲವೋ ಮಂಚವೋ ಎಂಬ ಮಾತಿನಲ್ಲಿ ಬೆನ್ನಿನದಷ್ಟೇ ಲೆಕ್ಕ ಅಲ್ಲ. ಜೀವದ ಲೆಕ್ಕವೂ ಇದೆ. ಕಟ್ಟುಹಾವು ಗೊತ್ತಲ್ಲ, ತೆಲುಗಿನವರು ಕಟ್ಲಪಾಮು ಎಂದು ಕರೀತಾರೆ. ಅದು ರಾತ್ರಿ ತಿರುಗುವ ಹಾವು. ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರ್ತದೆ. ಕಚ್ಚಿದರೆ ಬಹಳ ನೋವಾಗುವುದಿಲ್ಲ. ಸೊಳ್ಳೆ ಕಚ್ಚಿತು ಎಂದು ಮತ್ತೆ ಮಲಗಿಬಿಡ್ತಾರೆ. ಆಮೇಲೆ ಹೊಟ್ಟೆನೋವು, ರೆಪ್ಪೆ ಜೋಲು ಬೀಳುವುದು, ನುಂಗಲು ಆಗದಿರುವುದು, ಉಸಿರು ಕಟ್ಟುವುದು. ಹಾಗೆ ಕಂಡರೆ ಮಂತ್ರ, ಬೇರು ಎಂದು ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯಿರಿ. ಹೊಲದಲ್ಲಿ ಮಲಗುವವರು ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಕಟ್ಟಿ, ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಬೇಕು. ಚೇಳಿಗೂ ಇದೇ ಕಾವಲು. ನೆಲದ ಮೇಲೆ ಹಾಸುವವರು ದಿನಾ ಸಂಜೆ ಹಾಸಿಗೆ ಕೊಡವಿ ಹಾಸಿ, ಪರದೆ ಕಟ್ಟಿ.

ಇಲ್ಲಿ ಒಂದು ಮಾತು ಕೇಳಲೇಬೇಕು. ಗುಡಾರದಲ್ಲಿ ಒಂದೇ ಮಂಚ ಇದ್ದರೆ ಅದರ ಮೇಲೆ ಯಾರು ಮಲಗ್ತಾರೆ? ಯಜಮಾನರು. ಅವರು ಇಲ್ಲದಿದ್ದರೆ ಮಗ. ನಾಟಿ ಹಚ್ಚಿ, ನೀರು ಹೊತ್ತು, ರೊಟ್ಟಿ ಬಡಿದು ಕಡೆಗೆ ಮಲಗುವ ಹೆಣ್ಣುಮಗಳು ನೆಲದ ಮೇಲೆ. ಬಸುರಿ ಇದ್ದರೂ ನೆಲ, ಬಾಣಂತಿ ಇದ್ದರೂ ನೆಲ. ಈ ಪ್ರಶ್ನೆಗೆ ಒಬ್ಬ ಅಕ್ಕ, "ನಾ ಮಂಚದ ಮ್ಯಾಲೆ ಮಲಗಿದ್ರ ಮಂದಿ ಏನಂದಾರು?" ಎಂದರು. ಅವರ ಪಕ್ಕದ ಅಜ್ಜಿ ಉತ್ತರ ಕೊಟ್ಟರು: "ಮಂದಿ ಬಂದು ನಿನ್ನ ಟೊಂಕ ತಿಕ್ಕತಾರೇನ?" ಯಾರ ಟೊಂಕ ಹೆಚ್ಚು ನೋಯ್ತದೋ ಅವರಿಗೆ ಮಂಚ. ಅಣ್ಣಂದಿರೆ, ಇದು ನಿಮಗೇ ಹೇಳಿದ್ದು.

ಮೇಸ್ತ್ರಿಯ ಹತ್ತಿರ ಮಾತಾಡುವಾಗಲೂ ಬರೀ ಕೂಲಿ, ಮುಂಗಡ ಎಂದು ಮುಗಿಸಬೇಡಿ. ಮಲಗಲು ಎಂಥಾ ಜಾಗ? ನೆಲ ಮಣ್ಣೋ ಸಿಮೆಂಟೋ? ಮಂಚ ಇದೆಯೋ, ನಾವೇ ತರಬೇಕೋ? ಕೇಳಿ. ಬೇರೆ ರಾಜ್ಯಕ್ಕೆ ಕರೆದೊಯ್ಯುವ ಗುತ್ತೇದಾರರು ಕೂಲಿಕಾರರಿಗೆ ತಕ್ಕ ವಸತಿ ಕೊಡಬೇಕು ಎಂದು 1979ರ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ನೀವು ಕೇಳುವುದು ಹೊಸ ಮಾತಲ್ಲ.

ಒಳ್ಳೇ ಹಾಸಿಗೆ ಸಿಕ್ಕರೂ ಮಲಗುವ ರೀತಿ ತಪ್ಪಿದರೆ ನೋವು ಹೋಗದು. ಮಗ್ಗುಲಾಗಿ ಮಲಗುವವರು ಮೊಣಕಾಲು ಸ್ವಲ್ಪ ಮಡಚಿ, ಎರಡು ಮೊಣಕಾಲಿನ ನಡುವೆ ಮಡಚಿದ ಸೀರೆ ಇಟ್ಟುಕೊಳ್ಳಿ. ಅಂಗಾತ ಮಲಗುವವರು ಮೊಣಕಾಲಿನ ಕೆಳಗೆ ಬಟ್ಟೆ ಗಂಟು ಇಡಿ. ಒಂದೇ ರಾತ್ರಿಯಲ್ಲಿ ವ್ಯತ್ಯಾಸ ತಿಳಿಯಬಹುದು. ಬೋರಲು ಮಲಗಿದರೆ ಟೊಂಕವೂ ಕತ್ತೂ ತಿರುಚ್ತಾವೆ. ತಲೆದಿಂಬು ಕತ್ತಿನ ಸಂದು ತುಂಬುವಷ್ಟಿರಲಿ. ಇಟ್ಟಿಗೆ ಮೇಲೆ ಟವೆಲ್ ಹಾಕಿ ಮಲಗುವವರನ್ನು ನೋಡಿದ್ದೇನೆ. ಅದು ದಿಂಬಲ್ಲ.

ಏಳುವಾಗ ಅಂಗಾತ ಇದ್ದಂತೆ ಜಗ್ಗಿ ಏಳಬೇಡಿ. ಮೊದಲು ಮಗ್ಗುಲಿಗೆ ಹೊರಳಿ. ಕಾಲು ಕೆಳಗೆ ಬಿಡಿ. ಕೈ ಊರಿ ಮೇಲೇಳಿ. ನೆಲದ ಮೇಲಿದ್ದರೆ ಹೊರಳಿ, ಮೊಣಕಾಲು ಊರಿ, ಪಕ್ಕದ ಕಂಬ ಹಿಡಿದು ಏಳಿ. ಬೆನ್ನಿನ ಎಲುಬುಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಅವು ರಾತ್ರಿ ನೀರು ಹೀರಿ ಉಬ್ಬಿರ್ತಾವೆ. ಅದಕ್ಕೇ ಬೆಳಿಗ್ಗೆ ಬೆನ್ನು ಬಿಗಿ. ಎದ್ದ ಮೊದಲ ಒಂದು ತಾಸು ಬಹಳ ಬಗ್ಗಬೇಡಿ. ಕಸ ಗುಡಿಸುವುದು, ಕೊಡ ಎತ್ತುವುದು ಸ್ವಲ್ಪ ತಡವಾಗಲಿ, ಇಲ್ಲ ಮನೆಯ ಬೇರೆಯವರು ಮಾಡಲಿ.

ಹಾಸಿಗೆ ಒಳ್ಳೇದಾಯಿತು ಎಂದು ವಾರಗಟ್ಟಲೆ ಮಲಗಿರುವುದೂ ಮದ್ದಲ್ಲ. 1986ರಲ್ಲಿ ಅಮೆರಿಕದ ವೈದ್ಯರು ಟೊಂಕನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿದರು. ಏಳು ದಿನದವರಿಗೆ ಹೆಚ್ಚಿನ ಗುಣ ಏನೂ ಕಾಣಲಿಲ್ಲ. ಕೆಲಸ ಮಾತ್ರ ಹೆಚ್ಚು ದಿನ ತಪ್ಪಿತು. ನೋವಿದ್ದರೂ ಸ್ವಲ್ಪ ಓಡಾಡುತ್ತಿರಬೇಕು. ಭಾರ ಎತ್ತಬಾರದು, ಅಷ್ಟೆ. ಇನ್ನು ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆ. ಡೈಕ್ಲೋಫೆನಾಕ್, ಬ್ರೂಫೆನ್ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಬಿಸಿಲಲ್ಲಿ ಬೆವರಿ ನೀರು ಕುಡಿಯದವರಿಗೆ ಅಪಾಯ ಇನ್ನೂ ಹೆಚ್ಚು. ಗುಳಿಗೆಯ ಚೀಟಿ ಮೇಲಿನ ಹೆಸರು ಈಗ ನೀವೇ ಓದಬಲ್ಲಿರಿ. ಓದಿ, ಡಾಕ್ಟರನ್ನು ಕೇಳಿ.

ನಾನು ಬಿ.ಎ. ಓದಿದವಳು, ಡಾಕ್ಟರಲ್ಲ. ಎಲ್ಲಾ ಟೊಂಕನೋವೂ ಹಾಸಿಗೆಯಿಂದ ಹೋಗುವುದಿಲ್ಲ ಎಂಬುದನ್ನು ಮಾತ್ರ ಖಂಡಿತ ಹೇಳಬಲ್ಲೆ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುಂಡಿ, ತೊಡೆಸಂದಿನ ಜಾಗ ಜೋಮು ಹಿಡಿದರೆ ಅದೇ ದಿನ ದೊಡ್ಡ ದವಾಖಾನೆಗೆ ಹೋಗಿ. ಎತ್ತರದಿಂದ ಬಿದ್ದ ಮೇಲೆ ಬಂದ ನೋವಿಗೂ ತಡ ಮಾಡಬೇಡಿ. ನೋವಿನ ಜೊತೆ ಜ್ವರ, ರಾತ್ರಿಯ ಬೆವರು, ಮೈ ಇಳಿಯುವುದು ಇದ್ದರೆ ಕ್ಷಯ ಬೆನ್ನೆಲುಬಿಗೆ ಬಂದಿರಬಹುದು. ಅದಕ್ಕೆ ಸರಕಾರಿ ದವಾಖಾನೆಯಲ್ಲಿ ಔಷಧ ಪುಕ್ಕಟೆ.

ಮುಂದಿನ ತರಗತಿಗೆ ಬರುವಾಗ ಟೇಪು ಇದ್ದವರು ತನ್ನಿ. ಮನೆಯ ಹೊರಸಿನ ಉದ್ದ, ಅಗಲ, ಎತ್ತರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಇನ್ನೊಂದು ಆಟವನ್ನೂ ಮಾಡಿ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಬೆನ್ನು ಹಚ್ಚಿ ನಿಂತು ತಲೆಯ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮತ್ತೆ ಎಳೆಸಿಕೊಳ್ಳಿ. ಬೆನ್ನಿನ ಬಿಲ್ಲೆಗಳು ಹಗಲೆಲ್ಲಾ ಭಾರ ಹೊತ್ತು ಎಷ್ಟು ಕುಗ್ಗಿದವು ಎಂಬುದು ಆ ಎರಡು ಗೆರೆಯ ನಡುವೆ ಕಾಣ್ತದೆ. ಒಂದು ಸೆಂಟಿಮೀಟರಿನ ಆಸುಪಾಸು ಇರಬಹುದು. ಎಷ್ಟು ಬಂತು, ಬರೆದು ತನ್ನಿ.